ಎಷ್ಟು ಸೋರಿತು? ಎಲ್ಲಿ ಸೋರಿತು?

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ತಲೆಯೆತ್ತಿ ನಿಂತಿದೆ. 2016ರ ಜನವರಿಯಲ್ಲಿ ಅದರ ಶಂಕುಸ್ಥಾಪನೆಯಾಯಿತು; 2023ರ ಫೆಬ್ರವರಿ 6ರಂದು ಉದ್ಘಾಟನೆ ನೆರವೇರಿತು. 615 ಎಕರೆಗಳ ಆ ವಿಶಾಲವಾದ ನಿವೇಶನದಲ್ಲಿ ಮೊದಲಿಗೆ ಕೈಗೆತ್ತಿಕೊಂಡಿರುವುದು 3 ಟನ್ ವರ್ಗದ, ಒಂದೇ ಎಂಜಿನ್ನುಳ್ಳ ಲಘು ಉಪಯೋಗಿ ಹೆಲಿಕಾಪ್ಟರನ್ನು. ರಾಗಿ, ತೆಂಗು, ಅಡಕೆಗಳಿಗೆ ಹೆಸರಾದ ಸೀಮೆಗೆ ಆಕಾಶಯಾನದ ಉದ್ಯಮವೂ ಬಂದಿತಲ್ಲಾ ಎಂದು ಎಲ್ಲರಿಗೂ ಸಂತೋಷವಾಗಿದೆ. ಸಂತೋಷಪಡುವುದು ನ್ಯಾಯವೇ.

ಆದರೆ ಕಾರ್ಖಾನೆ ಬಂದ ಮಾತ್ರಕ್ಕೆ ಕಸುಬು ಬರುವುದಿಲ್ಲ. ಹಾರುವ ಯಂತ್ರದ ಕೆಲಸಕ್ಕೆ ಬೇಕಾದ ಕೈ, ಕಿವಿ, ಬುದ್ಧಿಗಳು ನಮ್ಮ ತರುಣರಲ್ಲಿ ಸಿದ್ಧವಾಗಿವೆಯೇ? ಸಿದ್ಧವಾಗಿರದಿದ್ದರೆ ಅವನ್ನು ಎಲ್ಲಿಂದ ಸಿದ್ಧಪಡಿಸಲು ಮೊದಲುಮಾಡಬೇಕು? ಈ ಪ್ರಶ್ನೆಗೆ ನಮ್ಮ ಉತ್ತರ ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಹೊಸ ಹೆಲಿಕಾಪ್ಟರಿನ ಚಿತ್ರಗಳನ್ನು ಗೋಡೆಗೆ ಹಚ್ಚುವುದಕ್ಕಿಂತ ಮೊದಲು, ಹಳೆಯ ಮಾದರಿಯ ಪುಟ್ಟ ಪಿಸ್ಟನ್ ಎಂಜಿನ್ನಿನ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ, ಅದು ಹಿಡಿದಿಟ್ಟ ಗಾಳಿ ಎಷ್ಟು ಸೋರುತ್ತಿದೆ, ಎಲ್ಲಿ ಸೋರುತ್ತಿದೆ ಎಂಬುದನ್ನು ಕಂಡುಹಿಡಿಯಲು ಕಲಿಸತಕ್ಕದ್ದು. ವಿಮಾನವಿದ್ಯೆಯ ಮೊದಲನೆಯ ಪಾಠ ಇದೇ ಆಗಬೇಕೆಂಬುದು ನಮ್ಮ ಅಭಿಪ್ರಾಯ.

ಪುಟ್ಟ ಎಂಜಿನ್ನುಗಳ ದೊಡ್ಡ ಪರಂಪರೆ

ಕನ್ನಡನಾಡಿಗೆ ಲಘು ವಿಮಾನಗಳು ಹೊಸವಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿತು. 1958ರಲ್ಲಿ 'ಪುಷ್ಪಕ', 1959ರಲ್ಲಿ 'ಕೃಷಕ್', 1972ರಲ್ಲಿ ಬೆಳೆಗೆ ಔಷಧಿ ಸಿಂಪಡಿಸುವ 'ಬಸಂತ್' ಹಾರಿದುವು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯಗಳಲ್ಲಿ ಹುಟ್ಟಿದ 'ಹಂಸ' 1993ರಲ್ಲಿ ಆಕಾಶಕ್ಕೇರಿತು. ಅದರ ಹೊಸ ಪೀಳಿಗೆಯಾದ 'ಹಂಸ-ಎನ್.ಜಿ.' 2021ರಲ್ಲಿ ಹಾರಿತು. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ ಎಷ್ಟೋ ತರುಣರು ಸೆಸ್ನಾ ವಿಮಾನಗಳಲ್ಲಿ ಹಾರಾಟ ಕಲಿತಿದ್ದಾರೆ.

ಇವುಗಳಿಗೆಲ್ಲ ಸಾಮಾನ್ಯವಾದ ಒಂದು ಅಂಶವುಂಟು. ಇವೆಲ್ಲವೂ ಪಿಸ್ಟನ್ ಎಂಜಿನ್ನಿನ ವಿಮಾನಗಳು. ಅದೂ ಒಂದೇ ಎಂಜಿನ್ನಿನವು. ಮೋಟಾರುಬಂಡಿಯ ಎಂಜಿನ್ ದಾರಿಯಲ್ಲಿ ನಿಂತರೆ ಇಳಿದು ಮರದ ನೆರಳಿನಲ್ಲಿ ಕೂರಬಹುದು. ಆಕಾಶದಲ್ಲಿ ಅಂತಹ ಸೌಕರ್ಯವಿಲ್ಲ. ಆದುದರಿಂದ ಈ ಎಂಜಿನ್ನಿನ ಆರೋಗ್ಯವನ್ನು ಅದು ಕೆಡುವುದಕ್ಕೆ ಮುಂಚೆಯೇ ತಿಳಿಯಬೇಕು. ಆ ತಿಳಿವಳಿಕೆಗಾಗಿ ಹುಟ್ಟಿದ ಪರೀಕ್ಷೆಗಳಲ್ಲಿ ಅತ್ಯಂತ ಸರಳವೂ ಅತ್ಯಂತ ಬೋಧಕವೂ ಆದುದು ಸಂಪೀಡನ ಪರೀಕ್ಷೆ.

ಗಾಳಿಯನ್ನು ಕಟ್ಟಿಹಾಕುವ ವಿದ್ಯೆ

ಈ ಎಂಜಿನ್ನಿನ ಕೆಲಸ ನಾಲ್ಕು ಹೊಡೆತಗಳಲ್ಲಿ ನಡೆಯುತ್ತದೆಂಬುದನ್ನು ವಾಚಕರು ಶಾಲೆಯಲ್ಲೇ ಓದಿರುತ್ತಾರೆ. ಪಿಸ್ಟನ್ ಒಮ್ಮೆ ಕೆಳಗೆ ಸರಿದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲೆ ಬಂದು ಅದನ್ನು ಅದುಮುತ್ತದೆ. ಕಿಡಿ ತಗುಲಿ ಉರಿದ ಅನಿಲ ಅದನ್ನು ಕೆಳಕ್ಕೆ ದೂಡುತ್ತದೆ. ಮರಳಿ ಮೇಲೆ ಬರುವಾಗ ಸುಟ್ಟ ಅನಿಲವನ್ನು ಹೊರಹಾಕುತ್ತದೆ. ಅದುಮುವಾಗಲೂ ಉರಿಯುವಾಗಲೂ ಸಿಲಿಂಡರು ಭದ್ರವಾಗಿ ಮುಚ್ಚಿದ ಕೋಣೆಯಾಗಿರಬೇಕು. ಕಮ್ಮಾರನ ತಿದಿಯಲ್ಲಿ ತೂತಾದರೆ ಕುಲುಮೆ ಕೆಂಪಾಗುವುದಿಲ್ಲ. ಗುಬ್ಬಿಯೆಂದೊಡನೆ ನೆನಪಾಗುವುದು 1884ರಲ್ಲಿ ಹುಟ್ಟಿದ ಅಲ್ಲಿನ ನಾಟಕ ಕಂಪನಿ. ಅಂತಹ ಕಂಪನಿಗಳ ಕಾಲು ಹಾರ್ಮೋನಿಯಮ್ಮಿನ ತಿದಿ ಸೋರಿದರೆ, ನುಡಿಸುವವನು ಎಷ್ಟು ಬಲ್ಲವನಾದರೂ ಸ್ವರ ನಿಲ್ಲುತ್ತಿರಲಿಲ್ಲ. ಎಂಜಿನ್ನಿನ ಮಾತೂ ಹಾಗೆಯೇ.

ಈ ಕೋಣೆಯಿಂದ ಗಾಳಿ ತಪ್ಪಿಸಿಕೊಳ್ಳಲು ಮುಖ್ಯವಾಗಿ ಮೂರು ದಾರಿಗಳಿವೆ. ಮಿಶ್ರಣ ಒಳಬರುವ ಕವಾಟ ಒಂದು, ಸುಟ್ಟ ಅನಿಲ ಹೊರಹೋಗುವ ಕವಾಟ ಇನ್ನೊಂದು, ಪಿಸ್ಟನ್ನಿಗೆ ತೊಡಿಸಿದ ಉಂಗುರಗಳ ಪಕ್ಕದ ಸಂದು ಮೂರನೆಯದು. ಅಪರೂಪವಾಗಿ ಸಿಲಿಂಡರಿನ ತಲೆಯಲ್ಲಿ ಬಿರುಕುಬಿಟ್ಟು ನಾಲ್ಕನೆಯ ದಾರಿಯೊಂದು ಉಂಟಾಗಬಹುದು. ಉಂಗುರಗಳ ದಾರಿ ಎಂದಿಗೂ ಪೂರ್ತಿ ಮುಚ್ಚುವುದಿಲ್ಲ. ಬಿಸಿಯಲ್ಲಿ ಹಿಗ್ಗಲು ಅವಕಾಶವಿರಲೆಂದು ಪ್ರತಿಯೊಂದು ಉಂಗುರದ ತುದಿಗಳ ನಡುವೆಯೂ ಸಣ್ಣ ಅಂತರವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಇದನ್ನು ನೆನಪಿಡಿ, ಮುಂದೆ ಇದರ ಉಪಯೋಗ ಬರುತ್ತದೆ.

ಪರೀಕ್ಷೆಯ ಕ್ರಮ

ಬೈಸಿಕಲ್ಲಿನ ಟ್ಯೂಬು ಸೋರುತ್ತಿದೆಯೆಂದು ಸಂಶಯ ಬಂದರೆ ಅಂಗಡಿಯವನು ಏನು ಮಾಡುತ್ತಾನೆ? ಗಾಳಿ ತುಂಬಿ, ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಾನೆ. ವಿಮಾನದ ಎಂಜಿನ್ನಿನ ಪರೀಕ್ಷೆಯೂ ಮೂಲದಲ್ಲಿ ಇದೇ. ಇಲ್ಲಿ ಅದಕ್ಕೆ ಅಳತೆಯೂ ಸೇರಿರುತ್ತದೆ.

ಎಂಜಿನ್ನನ್ನು ಸ್ವಲ್ಪ ಹೊತ್ತು ನಡೆಸಿ ಬಿಸಿಮಾಡಿ ನಿಲ್ಲಿಸುತ್ತಾರೆ. ಆಗ ಲೋಹದ ಭಾಗಗಳು ಕೆಲಸದ ಸಮಯದ ಅಳತೆಗೆ ಹಿಗ್ಗಿರುತ್ತವೆ. ಉಂಗುರಗಳ ಸುತ್ತ ಎಣ್ಣೆಯ ಪದರವೂ ಹರಡಿರುತ್ತದೆ. ಕಿಡಿಯ ವ್ಯವಸ್ಥೆಯನ್ನೂ ಇಂಧನವನ್ನೂ ನಿಲ್ಲಿಸಿ, ಪ್ರತಿಯೊಂದು ಸಿಲಿಂಡರಿನಿಂದಲೂ ಒಂದೊಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚುತ್ತಾರೆ. ಪರೀಕ್ಷಿಸಬೇಕಾದ ಸಿಲಿಂಡರಿನ ಪಿಸ್ಟನ್ನನ್ನು ಸಂಪೀಡನದ ಹೊಡೆತದ ತುತ್ತತುದಿಗೆ ತರುತ್ತಾರೆ. ಆಗ ಎರಡು ಕವಾಟಗಳೂ ಮುಚ್ಚಿರುತ್ತವೆ. ಪ್ಲಗ್ಗಿನ ರಂಧ್ರಕ್ಕೆ ರಬ್ಬರ್ ಕೊಳವೆ ಜೋಡಿಸಿ ಗಾಳಿ ಬಿಡುತ್ತಾರೆ.

ಈ ಉಪಕರಣದಲ್ಲಿ ಎರಡು ಒತ್ತಡಮಾಪಕಗಳಿವೆ. ಅವುಗಳ ನಡುವೆ ನಿಖರವಾಗಿ ಕೊರೆದ ಸೂಕ್ಷ್ಮ ರಂಧ್ರವೊಂದಿದೆ. ಸಣ್ಣ ಎಂಜಿನ್ನುಗಳಿಗೆ ಅದರ ವ್ಯಾಸ 0.040 ಅಂಗುಲ, ಎಂದರೆ ಸರಿಸುಮಾರು 1 ಮಿಲಿಮೀಟರ್. ಮೊದಲನೆಯ ಮಾಪಕದಲ್ಲಿ ಒತ್ತಡವನ್ನು ಚದರ ಅಂಗುಲಕ್ಕೆ 80 ಪೌಂಡಿಗೆ ನಿಲ್ಲಿಸುತ್ತಾರೆ. ಸಿಲಿಂಡರು ಸ್ವಲ್ಪವೂ ಸೋರದಿದ್ದರೆ ಎರಡನೆಯ ಮಾಪಕವೂ 80ನ್ನೇ ತೋರಿಸುತ್ತದೆ. ಸೋರಿದರೆ, ಸೋರಿದುದನ್ನು ತುಂಬಲು ಗಾಳಿ ಆ ರಂಧ್ರದ ಮೂಲಕ ಹರಿಯಬೇಕಾಗುತ್ತದೆ. ಹರಿಯುವಾಗ ಒತ್ತಡ ಇಳಿಯುತ್ತದೆ. ಎರಡನೆಯ ಮಾಪಕ 72 ತೋರಿಸಿದರೆ '80ಕ್ಕೆ 72' ಎಂದು ಬರೆದುಕೊಳ್ಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಲೈಕಾಮಿಂಗ್ ಒ-320 ಎಂಬುದು ಲಘು ವಿಮಾನಗಳಲ್ಲಿ ಬಹಳ ಬಳಕೆಯಾದ ನಾಲ್ಕು ಸಿಲಿಂಡರಿನ ಎಂಜಿನ್. ಅದರ ಸಿಲಿಂಡರಿನ ವ್ಯಾಸ 5.125 ಅಂಗುಲ. ಪಿಸ್ಟನ್ನಿನ ತಲೆಯ ವಿಸ್ತೀರ್ಣ ಸುಮಾರು 20.6 ಚದರ ಅಂಗುಲ. ಅದರ ಮೇಲೆ 80 ಪೌಂಡಿನ ಒತ್ತಡ ಬಿದ್ದರೆ ಒಟ್ಟು ಬಲ ಸುಮಾರು 1,650 ಪೌಂಡ್. ಎಂದರೆ 750 ಕಿಲೋಗ್ರಾಂ ಭಾರಕ್ಕೆ ಸಮ. ಪಿಸ್ಟನ್ ಸರಿಯಾಗಿ ತುತ್ತತುದಿಯಲ್ಲಿದ್ದರೆ ಈ ಬಲ ಎಂಜಿನ್ನನ್ನು ತಿರುಗಿಸಲಾರದು. ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಪ್ರೊಪೆಲರು ಕತ್ತಿಯಂತೆ ಬೀಸುತ್ತದೆ. ಆದಕಾರಣ ಮೊದಲು 20 ಪೌಂಡಿನಷ್ಟು ಸ್ವಲ್ಪವೇ ಒತ್ತಡ ಕೊಟ್ಟು, ಪಿಸ್ಟನ್ನನ್ನು ಸ್ಥಾನಕ್ಕೆ ತಂದು, ಪ್ರೊಪೆಲರನ್ನು ಒಬ್ಬನು ಭದ್ರವಾಗಿ ಹಿಡಿದಿರುವಾಗ ಇನ್ನೊಬ್ಬನು ನಿಧಾನವಾಗಿ ಒತ್ತಡ ಏರಿಸುತ್ತಾನೆ. ಇದು ಒಬ್ಬರೇ ಮಾಡುವ ಕೆಲಸವಲ್ಲ. ಅಭ್ಯಾಸವಿಲ್ಲದವರು ಮಾಡತಕ್ಕ ಕೆಲಸವಂತೂ ಅಲ್ಲವೇ ಅಲ್ಲ.

ಎಂಬತ್ತಕ್ಕೆ ಅರವತ್ತು

ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗದರ್ಶನದಲ್ಲಿ ಬಹುಕಾಲದಿಂದ 80ಕ್ಕೆ 60 ಎಂಬುದು ಕನಿಷ್ಠ ಮಿತಿಯಾಗಿ ಪ್ರಚಾರದಲ್ಲಿದೆ. ಎಂದರೆ ಒತ್ತಡದ ನಷ್ಟ ಶೇಕಡಾ 25ನ್ನು ಮೀರಕೂಡದು. 'ಹಂಸ' ವಿಮಾನದಲ್ಲಿರುವ ಎಂಜಿನ್ನನ್ನು ತಯಾರಿಸುವ ರೋಟಾಕ್ಸ್ ಸಂಸ್ಥೆಯೂ 6 ಬಾರ್ ಒತ್ತಡದಿಂದ ಪರೀಕ್ಷಿಸಿ ಶೇಕಡಾ 25ರವರೆಗಿನ ಇಳಿತವನ್ನು ಒಪ್ಪುತ್ತದೆ. 6 ಇದ್ದದ್ದು 4.5ಕ್ಕೆ ಇಳಿಯಬಹುದು.

ಈ ಸಂಖ್ಯೆ ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಬಹಳ ಪರಿಚಿತವಾದುದು. ಎಸ್.ಎಸ್.ಎಲ್.ಸಿ.ಯ ಹಲವು ವಿಷಯಗಳ ಪ್ರಶ್ನಪತ್ರಿಕೆಗಳೂ 80 ಅಂಕಗಳವೇ. ಅದರಿಂದಲೇ ಏನೋ, 80ಕ್ಕೆ 60 ಎಂದೊಡನೆ 'ಪ್ರಥಮ ದರ್ಜೆ' ಎಂದೋ, 59 ಎಂದೊಡನೆ 'ನಪಾಸು' ಎಂದೋ ತೀರ್ಪು ಕೊಡಲು ಮನಸ್ಸು ಹಾತೊರೆಯುತ್ತದೆ. ಇನ್ನೂ ಕೆಲವರು, ಒತ್ತಡ ಕಾಲುಭಾಗ ಹೋಯಿತಾದ್ದರಿಂದ ಎಂಜಿನ್ನಿನ ಶಕ್ತಿಯೂ ಕಾಲುಭಾಗ ಹೋಯಿತೆಂದು ಭಾವಿಸುತ್ತಾರೆ. ಎರಡೂ ಸರಿಯಲ್ಲ. ಏಕೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಎರಡನೆಯ ಮಾಪಕ 60ರಲ್ಲಿ ನಿಂತಿದೆಯೆಂದರೆ, ಉಪಕರಣದ ರಂಧ್ರದಿಂದ ಒಳಬರುವ ಗಾಳಿಯೂ ಸಿಲಿಂಡರಿನಿಂದ ಸೋರುವ ಗಾಳಿಯೂ ಸಮವಾಗಿವೆಯೆಂದು ಅರ್ಥ. ಅನಿಲಗಳ ಪ್ರವಾಹದ ಸೂತ್ರಗಳಿಂದ ಗಣಿಸಿದರೆ, ಆಗ ಸೋರಿಕೆಯ ಸಂದುಗಳೆಲ್ಲ ಕೂಡಿ ಆ 1 ಮಿಲಿಮೀಟರ್ ರಂಧ್ರದಷ್ಟೇ ಆಗುತ್ತವೆ. ಅದರ ಮೂಲಕ ಪರೀಕ್ಷೆಯ ಒತ್ತಡದಲ್ಲಿ ಹೊರಹೋಗುವ ಗಾಳಿ ಸೆಕೆಂಡಿಗೆ ಸುಮಾರು 1 ಗ್ರಾಂ. ಈಗ ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುತ್ತಿದೆಯೆನ್ನಿ. ಒಂದು ಹೊಡೆತಕ್ಕೆ ಹಿಡಿಯುವ ಕಾಲ ಸೆಕೆಂಡಿನ 80ನೆಯ ಒಂದು ಭಾಗ. ಅಷ್ಟು ಕಾಲದಲ್ಲಿ ಅದೇ ಒತ್ತಡದಲ್ಲಿ ಸೋರುವುದು ಒಂದು ಗ್ರಾಮಿನ 80ನೆಯ ಒಂದು ಭಾಗ. ಮೇಲೆ ಹೇಳಿದ ಎಂಜಿನ್ನಿನ ಒಂದೊಂದು ಸಿಲಿಂಡರು ಒಮ್ಮೆಗೆ ಒಳಗೆಳೆದುಕೊಳ್ಳುವುದು ಸುಮಾರು 1.3 ಲೀಟರ್ ಗಾಳಿಯನ್ನು. ಅದರ ತೂಕ ಸುಮಾರು ಒಂದೂವರೆ ಗ್ರಾಂ. ನಷ್ಟ ಶೇಕಡಾ 1ನ್ನೂ ಮುಟ್ಟುವುದಿಲ್ಲ! ದಹನದ ಒತ್ತಡ ಪರೀಕ್ಷೆಯ ಒತ್ತಡಕ್ಕಿಂತ ಹೆಚ್ಚಾದುದರಿಂದ ನಿಜವಾದ ಸೋರಿಕೆ ಇದಕ್ಕಿಂತ ಸ್ವಲ್ಪ ಮೇಲಾಗುವುದು ದಿಟ. ಆದರೂ ಅದು ಕಾಲುಭಾಗವಲ್ಲ. ನಿಂತ ಪಿಸ್ಟನ್ನಿನ ಮೇಲೆ ನಿಮಿಷಗಟ್ಟಲೆ ಗಾಳಿ ಬಿಟ್ಟು ನೋಡಿದ ಸೋರಿಕೆಗೂ ಕ್ಷಣಾರ್ಧದಲ್ಲಿ ಮುಗಿಯುವ ಹೊಡೆತದ ಸೋರಿಕೆಗೂ ಇರುವ ವ್ಯತ್ಯಾಸವಿದು.

ಹಾಗಾದರೆ ಸೋರಿಕೆಯನ್ನು ಲೆಕ್ಕಿಸಬೇಕಾಗಿಲ್ಲವೇ? ಲೆಕ್ಕಿಸಲೇಬೇಕು. ಆದರೆ 'ಎಷ್ಟು' ಎಂಬ ಪ್ರಶ್ನೆಯೊಡನೆ 'ಎಲ್ಲಿ' ಎಂಬ ಪ್ರಶ್ನೆಯನ್ನೂ ಕೇಳಬೇಕು.

ತಿಳಿನೀರೂ ಕೆಸರುನೀರೂ

ಗಾಳಿ ಒಳಗೆ ಹರಿಯುತ್ತಿರುವಾಗ ಪರೀಕ್ಷಕನು ಕಿವಿಗೊಟ್ಟು ಕೇಳುತ್ತಾನೆ. ಹೊಗೆಕೊಳವೆಯ ಬಾಯಲ್ಲಿ ಬುಸ್ಸೆಂಬ ಸದ್ದು ಬಂದರೆ ಸುಟ್ಟ ಅನಿಲದ ಕವಾಟ ಸೋರುತ್ತಿದೆ. ಗಾಳಿ ಒಳಬರುವ ದಾರಿಯಲ್ಲಿ ಕೇಳಿದರೆ ಒಳಗವಾಟ ಸೋರುತ್ತಿದೆ. ಎಣ್ಣೆ ತುಂಬುವ ಬಾಯಲ್ಲಿ ಕೇಳಿದರೆ ಉಂಗುರಗಳ ಪಕ್ಕದಿಂದ ಗಾಳಿ ಕೆಳಗಿಳಿಯುತ್ತಿದೆ. ಸಿಲಿಂಡರಿನ ಹೊರಮೈಗೆ ಸಾಬೂನಿನ ನೀರು ಹಚ್ಚಿದಾಗ ಗುಳ್ಳೆಗಳೆದ್ದರೆ ಅಲ್ಲಿ ಬಿರುಕಿದೆ. ಲಕ್ಷಾಂತರ ರೂಪಾಯಿ ಬೆಲೆಬಾಳುವ ಯಂತ್ರದ ರೋಗವನ್ನು ಮನುಷ್ಯನ ಕಿವಿಯೂ ಒಂದು ಹಿಡಿ ಸಾಬೂನಿನ ನೊರೆಯೂ ಹೇಳುತ್ತವೆ.

ಮಾಪಕ ಒಂದೇ ಅಂಕವನ್ನು ತೋರಿಸಿದರೂ ಈ ದಾರಿಗಳ ಅರ್ಥ ಒಂದೇ ಅಲ್ಲ. ಇದನ್ನು ಕುಣಿಗಲಿನ ದೊಡ್ಡಕೆರೆಯಂತಹ ಕೆರೆಗಳ ಉದಾಹರಣೆಯಿಂದ ತಿಳಿಯಬಹುದು. ಮಣ್ಣಿನ ಏರಿ ಎಷ್ಟು ಭದ್ರವಾಗಿದ್ದರೂ ಅದರ ಬುಡದಲ್ಲಿ ಸ್ವಲ್ಪ ನೀರು ಜಿನುಗುತ್ತಲೇ ಇರುತ್ತದೆ. ಜಿನುಗುವ ನೀರು ತಿಳಿಯಾಗಿದ್ದು, ಏರದೆ ಇಳಿಯದೆ ಒಂದೇ ಸಮನಾಗಿದ್ದರೆ ಬಲ್ಲವರು ಹೆದರುವುದಿಲ್ಲ. ಆದರೆ ಅದೇ ನೀರು ಕೆಸರಾಗಿ ಬರತೊಡಗಿದರೆ ಆ ರಾತ್ರಿ ಯಾರೂ ನಿದ್ರಿಸುವಂತಿಲ್ಲ. ನೀರು ಒಳಗಿನ ಮಣ್ಣನ್ನು ಕೊರೆದು ತರುತ್ತಿದೆ. ದಾರಿ ತನ್ನನ್ನು ತಾನೇ ಅಗಲಗೊಳಿಸಿಕೊಳ್ಳುತ್ತಿದೆ ಎಂದು ಅದರ ಅರ್ಥ. ಎಷ್ಟು ನೀರು ಎಂಬುದಕ್ಕಿಂತ ಎಂತಹ ನೀರು ಎಂಬುದೇ ಅಲ್ಲಿ ಮುಖ್ಯ.

ಉಂಗುರಗಳ ಸೋರಿಕೆ ಬಹುಮಟ್ಟಿಗೆ ತಿಳಿನೀರಿನಂತಹುದು. ಉಂಗುರಗಳ ತುದಿಯ ಅಂತರಗಳು ಒಂದರ ಕೆಳಗೊಂದು ಬಂದ ದಿನ ಮಾಪಕ ಕೆಳಗಿಳಿಯುತ್ತದೆ; ಉಂಗುರಗಳು ತಿರುಗಿ ಅಂತರಗಳು ಬೇರೆಯಾದ ದಿನ ಮೇಲೇರುತ್ತದೆ. ಆದುದರಿಂದಲೇ ಅಂಕ ಕಡಿಮೆ ಬಂದರೆ ಎಂಜಿನ್ನನ್ನು ಮತ್ತೆ ನಡೆಸಿ ಎರಡನೆಯ ಸಲ ಪರೀಕ್ಷಿಸಬೇಕೆಂದು ಹೇಳುವುದು. ಹೊರಕವಾಟದ ಸೋರಿಕೆ ಕೆಸರುನೀರಿನಂತಹುದು. ಆ ಕವಾಟ ಉರಿಯ ಬಾಯಲ್ಲೇ ಕುಳಿತಿರುತ್ತದೆ; ತಾನು ಹೀರಿದ ಬಿಸಿಯ ಬಹುಭಾಗವನ್ನು ತನ್ನ ಪೀಠದ ಮೂಲಕ ಸಿಲಿಂಡರಿನ ತಲೆಗೆ ದಾಟಿಸಿ ತಣ್ಣಗಾಗುತ್ತದೆ. ಕವಾಟ ಪೀಠಕ್ಕೆ ಒಂದು ಕಡೆ ಸರಿಯಾಗಿ ಅಂಟದಿದ್ದರೆ ಅಲ್ಲಿ ಬಿಸಿ ದಾಟುವುದಿಲ್ಲ. ಮೇಲಾಗಿ ಉರಿಯುವ ಅನಿಲ ಆ ಸಂದಿನಲ್ಲೇ ನುಗ್ಗುತ್ತದೆ. ಅಂಚು ಸುಡುತ್ತದೆ, ಸುಟ್ಟಷ್ಟೂ ಸಂದು ಹಿಗ್ಗುತ್ತದೆ, ಹಿಗ್ಗಿದಷ್ಟೂ ಇನ್ನಷ್ಟು ಸುಡುತ್ತದೆ. ಕೊನೆಗೊಂದು ದಿನ ಕವಾಟದ ತುಂಡು ಮುರಿದು, ಹಾರಾಟದ ನಡುವೆಯೇ ಆ ಸಿಲಿಂಡರು ಕೆಲಸ ನಿಲ್ಲಿಸಬಹುದು. ಒಳಗೆ ಬೆಳಕಿನ ಸಣ್ಣ ನಳಿಕೆಯಿಟ್ಟು ನೋಡಿದರೆ, ಆರೋಗ್ಯವಂತ ಕವಾಟದ ಮುಖದ ಮೇಲಿನ ಬಣ್ಣ ಸುತ್ತಲೂ ಒಂದೇ ಸಮನಾಗಿರುವುದೂ ಸುಡುತ್ತಿರುವ ಕವಾಟದಲ್ಲಿ ಒಂದು ಕಡೆ ಬಣ್ಣ ಬೇರೆಯಾಗಿರುವುದೂ ಕಾಣುತ್ತದೆ.

ಈ ವಿವೇಕ ತಯಾರಕರಿಗೂ ಕ್ರಮೇಣ ಮನದಟ್ಟಾಯಿತು. ಕಾಂಟಿನೆಂಟಲ್ ಸಂಸ್ಥೆ 2003ರಲ್ಲಿ ಹೊರಡಿಸಿದ ಸೂಚನಾಪತ್ರದಲ್ಲಿ ಸಂಪೀಡನ ಪರೀಕ್ಷೆಯೊಡನೆ ನಳಿಕೆಯ ವೀಕ್ಷಣೆಯನ್ನೂ ಕಡ್ಡಾಯವಾಗಿ ಸೇರಿಸಿತು. ಅಲ್ಲದೆ 60 ಎಂಬ ಸ್ಥಿರವಾದ ಗೆರೆಗೆ ಬದಲಾಗಿ ಬೇರೊಂದು ಉಪಾಯವನ್ನು ವಿಧಿಸಿತು. ಸೋರಿಕೆ ಎಷ್ಟೆಂದು ಮೊದಲೇ ಗೊತ್ತಿರುವ ಒಂದು ಪ್ರಮಾಣರಂಧ್ರವನ್ನು ಉಪಕರಣಕ್ಕೆ ಜೋಡಿಸಿ, ಆ ದಿನ, ಆ ಸ್ಥಳದಲ್ಲಿ, ಆ ಮಾಪಕ ಎಷ್ಟು ತೋರಿಸುತ್ತದೋ ಅದನ್ನೇ ಉಂಗುರಗಳ ಸೋರಿಕೆಗೆ ಮಿತಿಯಾಗಿ ಹಿಡಿಯಬೇಕು. ಅದು ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿ ಬರುತ್ತದೆ. ಲೈಕಾಮಿಂಗ್ ಸಂಸ್ಥೆಯಾದರೋ ಎಲ್ಲ ಸಿಲಿಂಡರುಗಳೂ 70ಕ್ಕೆ ಮೇಲಿದ್ದು ಸಮನಾಗಿದ್ದರೆ ತೃಪ್ತಿಯೆಂದೂ, 65ಕ್ಕಿಂತ ಕೆಳಗಿಳಿದರೆ ಸವೆತವುಂಟಾಗಿದೆಯೆಂದು ತಿಳಿದು 100 ಗಂಟೆಗೊಮ್ಮೆ ಪರೀಕ್ಷಿಸಬೇಕೆಂದೂ ಹೇಳುತ್ತದೆ. ಒಬ್ಬರ ಮಿತಿಯನ್ನು ಇನ್ನೊಬ್ಬರ ಎಂಜಿನ್ನಿಗೆ ಅನ್ವಯಿಸಕೂಡದು. ಆಯಾ ಎಂಜಿನ್ನಿಗೆ ಆಯಾ ತಯಾರಕರ ಮಾತೇ ಪ್ರಮಾಣ.

ದಾಖಲೆಯ ಸತ್ಯ

ಪರೀಕ್ಷೆಯ ಅಂಕವನ್ನು ಎಂಜಿನ್ನಿನ ದಾಖಲೆಪುಸ್ತಕದಲ್ಲಿ ಬರೆಯುತ್ತಾರೆ. ಈ ಸಲ 68 ಬಂತೆಂಬುದು ತಾನಾಗಿ ಹೆಚ್ಚೇನನ್ನೂ ಹೇಳದು. ಹಿಂದಿನ ಸಲ 76, ಅದಕ್ಕೂ ಹಿಂದೆ 77 ಇತ್ತೆಂದು ಪುಸ್ತಕದಲ್ಲಿದ್ದರೆ ಆಗ 68 ಮಾತನಾಡತೊಡಗುತ್ತದೆ. ಕುಣಿಗಲಿನ ಹೆಸರಾಂತ ಕುದುರೆ ಫಾರಮ್ಮಿನಲ್ಲಿ ಕುದುರೆಯನ್ನು ನೋಡಿಕೊಳ್ಳುವವರು ಓಟದ ಬಳಿಕ ಅದರ ಉಸಿರನ್ನು ಗಮನಿಸುವಾಗ, ಅದು ನಿನ್ನೆ ಹೇಗಿತ್ತೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಗಮನಿಸುತ್ತಾರಷ್ಟೆ. ಎಂಜಿನ್ನಿಗೆ ಆ ನಿನ್ನೆಯನ್ನು ಕಾಪಾಡಿಡುವುದು ದಾಖಲೆಪುಸ್ತಕ.

ಇಲ್ಲಿಯೇ ನಿಜವಾದ ಅಪಾಯವಿರುವುದು. ಅಂಕವೇ ಗುರಿಯಾದಾಗ, ಬೇಕಾದ ಅಂಕ ಬರುವವರೆಗೆ ಪರೀಕ್ಷೆಯನ್ನು ಎಳೆದಾಡುವ, ಇಲ್ಲವೇ ಪರೀಕ್ಷೆಯನ್ನೇ ಮಾಡದೆ ಹಿಂದಿನ ಸಲದ ಅಂಕವನ್ನು ನಕಲುಮಾಡುವ ಆಸೆ ಹುಟ್ಟುತ್ತದೆ. ಪ್ರಯೋಗಶಾಲೆಯ ನೋಟುಪುಸ್ತಕದಲ್ಲಿ ಉತ್ತರದಿಂದ ಹಿಂದಕ್ಕೆ ಲೆಕ್ಕಹಾಕಿ ಓದುಗಳನ್ನು ತುಂಬಿಸುವ ಚಾಳಿ ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ ಪುಸ್ತಕದಲ್ಲಿದ್ದಂತೆಯೇ ಬರಬೇಕೆಂಬ ಆತುರದಿಂದ ಕಾಲದ ಅಳತೆಯನ್ನು ತಿದ್ದಿದರೆ ಅಲ್ಲಿ ಯಾರೂ ಸಾಯುವುದಿಲ್ಲ. ಆದರೆ ಅದೇ ಅಭ್ಯಾಸ ವಿಮಾನದ ಎಂಜಿನ್ನಿನವರೆಗೂ ಜೊತೆಯಲ್ಲೇ ಬರುತ್ತದೆ. ಸೋರಿಕೆಯನ್ನು ಮುಚ್ಚಿಟ್ಟ ಅಂಕಕ್ಕಿಂತ ಸೋರಿಕೆಯನ್ನು ಒಪ್ಪಿಕೊಂಡ ಅಂಕವೇ ಮೇಲು ಎಂಬ ಬುದ್ಧಿಯನ್ನು ಹದಿನಾರನೆಯ ವಯಸ್ಸಿನಲ್ಲಿ ಕಲಿಸದಿದ್ದರೆ ಮೂವತ್ತನೆಯ ವಯಸ್ಸಿನಲ್ಲಿ ಕಲಿಸುವುದು ಕಷ್ಟ.

ಒಂದು ಆಕ್ಷೇಪಣೆ

ಗುಬ್ಬಿಯ ಕಾರ್ಖಾನೆಯ ಹೆಲಿಕಾಪ್ಟರಿನಲ್ಲಿ ಪಿಸ್ಟನ್ನೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಮಾತು ನಿಜ. ಅದರಲ್ಲಿರುವುದು 'ಶಕ್ತಿ' ಎಂಬ ಹೆಸರಿನ ಟರ್ಬೈನ್ ಎಂಜಿನ್. ಅಲ್ಲಿ ಗಾಳಿಯನ್ನು ಅದುಮುವುದು ತಿರುಗುವ ಅಲಗುಗಳು. ಆದುದರಿಂದ ಪ್ಲಗ್ಗಿನ ರಂಧ್ರಕ್ಕೆ ಗಾಳಿ ಬಿಟ್ಟು ನೋಡುವ ಈ ಪರೀಕ್ಷೆ ಅದಕ್ಕೆ ಒಗ್ಗದು. ಆದರೆ ಟರ್ಬೈನಿನ ವೈದ್ಯನು ಕೇಳುವ ಪ್ರಶ್ನೆಗಳೂ ಇವೇ. ಇಷ್ಟು ಉಷ್ಣಕ್ಕೆ ಇಷ್ಟು ಶಕ್ತಿ ಬರಬೇಕಾಗಿತ್ತು, ಬಂದಿತೇ? ಬರದಿದ್ದರೆ ನಷ್ಟ ಎಲ್ಲಿ ಆಯಿತು? ಅಲಗು ಸವೆದಿದೆಯೇ, ಕೊಳೆ ಕಟ್ಟಿದೆಯೇ? ಕಳೆದ ತಿಂಗಳಿನ ದಾಖಲೆ ಏನು ಹೇಳುತ್ತದೆ? ಅಲ್ಲಿಯೂ ಒಳಗೆ ನೋಡಲು ನಳಿಕೆಯನ್ನೇ ಇಳಿಬಿಡುತ್ತಾರೆ. ಉಪಕರಣ ಬೇರೆ, ವಿಚಾರದ ಕ್ರಮ ಒಂದೇ. ಟರ್ಬೈನನ್ನು ಕಾಲೇಜಿನ ಮೇಜಿನ ಮೇಲಿಟ್ಟು ಬಿಚ್ಚಿ ಕಲಿಸುವುದು ಸಾಧ್ಯವಿಲ್ಲ. ಒಂದು ಸಿಲಿಂಡರಿನ ಎಂಜಿನ್ನಿನಲ್ಲಿ ಅದೇ ವಿಚಾರಕ್ರಮವನ್ನು ಅಗ್ಗವಾಗಿಯೂ ಚೊಕ್ಕವಾಗಿಯೂ ಕಲಿಸಬಹುದು.

ಇದಲ್ಲದೆ ನಮ್ಮ ದೇಶದ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ ಕೊಡುವ ದುರಸ್ತಿ ಎಂಜಿನಿಯರರ ಪರವಾನಗಿಯಲ್ಲಿ ಪಿಸ್ಟನ್ ವಿಮಾನಕ್ಕೂ, ಟರ್ಬೈನ್ ವಿಮಾನಕ್ಕೂ, ಪಿಸ್ಟನ್ ಹೆಲಿಕಾಪ್ಟರಿಗೂ, ಟರ್ಬೈನ್ ಹೆಲಿಕಾಪ್ಟರಿಗೂ ಬೇರೆಬೇರೆ ವಿಭಾಗಗಳೇ ಇವೆ. ಪಿಸ್ಟನ್ ಎಂಜಿನ್ ವಸ್ತುಸಂಗ್ರಹಾಲಯ ಸೇರಿದ ಸಾಮಗ್ರಿಯಲ್ಲ. ವಿಮಾನ ನಡೆಸಲು ಕಲಿಯುವವರಲ್ಲಿ ಬಹುಮಂದಿ ಇಂದಿಗೂ ಅದರ ಹಿಂದೆ ಕುಳಿತೇ ಮೊದಲು ನೆಲ ಬಿಡುತ್ತಾರೆ.

ಮಾಡಬೇಕಾದುದೇನು?

ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ 1963ರಿಂದ ಎಂಜಿನಿಯರರನ್ನು ತಯಾರುಮಾಡುತ್ತ ಬಂದಿದೆ. ಗುಬ್ಬಿಯಲ್ಲಿಯೂ ಎಂಜಿನಿಯರಿಂಗ್ ಕಾಲೇಜಿದೆ. ಜಿಲ್ಲೆಯಲ್ಲಿ ಪಾಲಿಟೆಕ್ನಿಕ್ಕುಗಳೂ ಕೈಗಾರಿಕಾ ತರಬೇತಿ ಕೇಂದ್ರಗಳೂ ಇವೆ. ಇಂತಹ ಪ್ರತಿಯೊಂದು ಸಂಸ್ಥೆಯಲ್ಲಿಯೂ ಹಳೆಯ ಮೋಟಾರ್ ಸೈಕಲಿನ ಎಂಜಿನ್ ಒಂದು, ಒತ್ತಡಮಾಪಕಗಳೆರಡು, 1 ಮಿಲಿಮೀಟರಿನ ರಂಧ್ರ ಕೊರೆದ ಹಿತ್ತಾಳೆಯ ಬಿಲ್ಲೆಯೊಂದು ಇರಬೇಕೆಂದು ನಾವು ಸೂಚಿಸುತ್ತೇವೆ. ಕಾಲೇಜಿನ ಪ್ರಯೋಗಕ್ಕೆ 80 ಪೌಂಡಿನ ಒತ್ತಡವೇನೂ ಬೇಕಾಗಿಲ್ಲ. ಅದರ ಕಾಲುಭಾಗ ಸಾಕು. ಕ್ರ್ಯಾಂಕ್ ದಂಡವನ್ನು ತಿರುಗದಂತೆ ಬಿಗಿದು, ಅಧ್ಯಾಪಕರು ಪಕ್ಕದಲ್ಲಿರುವಾಗ ಮಾತ್ರ ಗಾಳಿ ಬಿಡತಕ್ಕದ್ದು. ಅಧ್ಯಾಪಕರು ಒಂದು ಕವಾಟದ ಕೆಳಗೆ ಕೂದಲೊಂದನ್ನು ಸಿಕ್ಕಿಸಿಡಲಿ. ಇನ್ನೊಂದು ದಿನ ಉಂಗುರವನ್ನು ಅರದಿಂದ ಉಜ್ಜಿಡಲಿ. ಎಷ್ಟು ಸೋರುತ್ತಿದೆಯೆಂದು ಹೇಳಿದ ವಿದ್ಯಾರ್ಥಿಗೆ ಅರ್ಧ ಅಂಕ, ಎಲ್ಲಿ ಸೋರುತ್ತಿದೆಯೆಂದೂ ಹೇಳಿದವನಿಗೆ ಪೂರ್ಣ ಅಂಕ. ಪುಸ್ತಕದ ಉತ್ತರವೆಂಬುದೇ ಇಲ್ಲದ ಇಂತಹ ಪ್ರಯೋಗದಲ್ಲಿ ನಕಲುಮಾಡಲು ಏನೂ ಇರುವುದಿಲ್ಲ.

ತುಮಕೂರಿನಲ್ಲಿ ಒಂದು ಕಾಲದಲ್ಲಿ ಎಚ್.ಎಂ.ಟಿ.ಯ ಕೈಗಡಿಯಾರದ ಕಾರ್ಖಾನೆ ನಡೆಯುತ್ತಿತ್ತು. ಕೂದಲಿಗಿಂತ ಸೂಕ್ಷ್ಮವಾದ ಅಳತೆಗಳಲ್ಲಿ ಕೆಲಸಮಾಡಬಲ್ಲ ಕೈಗಳು ಅಲ್ಲಿ ಪಳಗಿದ್ದುವು. ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟುದು 2016ರ ಜನವರಿಯಲ್ಲಿ, ಗುಬ್ಬಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಬಿದ್ದ ತಿಂಗಳಿನಲ್ಲಿಯೇ. ಒಂದು ಕಾರ್ಖಾನೆ ಹೋಯಿತು, ಇನ್ನೊಂದು ಬಂದಿತು ಎಂದು ಲೆಕ್ಕ ಸರಿತೂಗಿಸಿ ಸುಮ್ಮನಿರುವಂತಿಲ್ಲ. ಯಂತ್ರಗಳನ್ನು ಹೊರಗಿನಿಂದ ತರಬಹುದು. ಪಳಗಿದ ಕೈಗಳು ಕಲಿಸುವವರೂ ಕಲಿಯುವವರೂ ಇರುವ ಊರಿನಲ್ಲಿ ಮಾತ್ರ ಉಳಿಯುತ್ತವೆ. ಹೊಸ ಕಾರ್ಖಾನೆಯ ಒಳಗೆ ಹೊರಗಿನವರು ದುಡಿಯುತ್ತಿರುವಾಗ ಬೇಲಿಯ ಹೊರಗೆ ನಿಂತು ಹಾರುವುದನ್ನು ನೋಡುವ ಭಾಗ್ಯ ಮಾತ್ರ ನಮ್ಮ ಹುಡುಗ ಹುಡುಗಿಯರಿಗೆ ಬರಕೂಡದು.

ವಿದ್ಯಾರ್ಥಿಗಳು ಇದಕ್ಕಾಗಿ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ನಾಳೆ ಬೈಸಿಕಲ್ ಅಂಗಡಿಯಲ್ಲಿ ಬೋಗುಣಿಯ ಮುಂದೆ ಕುಳಿತಾಗ ಗುಳ್ಳೆಗಳನ್ನು ಎಣಿಸಿ ನೋಡಿ. ಒತ್ತಡ ಹೆಚ್ಚಿದ್ದಾಗ ಎಷ್ಟು, ಇಳಿದಾಗ ಎಷ್ಟು, ರಬ್ಬರನ್ನು ಬಗ್ಗಿಸಿದಾಗ ಎಷ್ಟು ಎಂಬುದನ್ನು ಕಂಡದ್ದು ಕಂಡಂತೆ ಬರೆದಿಡಿ. ಕುಣಿಗಲಿನ ಕೆರೆಯ ಏರಿಯನ್ನೂ ಗುಬ್ಬಿಯ ಎಂಜಿನ್ನನ್ನೂ ಕಾಯುವ ವಿದ್ಯೆ ಅಲ್ಲಿಂದಲೇ ಮೊದಲಾಗುತ್ತದೆ.